ವಿಡಿಯೊ ನೋಡಿ ಕ್ರಿಪ್ಟೊ ಕಲಿತರೆ ಹಣ: ಆ ಐವತ್ತು ರೂಪಾಯಿಯನ್ನು ಯಾರು, ಯಾಕೆ ಕೊಡುತ್ತಾರೆ?

"ದಿನಕ್ಕೆ ಹತ್ತೇ ನಿಮಿಷ. ಬಿಟ್‌ಕಾಯಿನ್ ಬಗ್ಗೆ ಮೂರು ವಿಡಿಯೊ ನೋಡಿ, ಐದು ಪ್ರಶ್ನೆಗೆ ಉತ್ತರ ಕೊಡಿ. 50 ರೂಪಾಯಿ ನೇರ ನಿಮ್ಮ ಖಾತೆಗೆ. ನನಗೆ ಬಂದಿದೆ, ನೀವೂ ಸೇರಿಕೊಳ್ಳಿ. ಐದು ಜನರಿಗೆ ಕಳುಹಿಸಿದರೆ ಇನ್ನೂ 100."

ಇಂಥ ಸಂದೇಶ ಕುಟುಂಬದ ಗ್ರೂಪಿನಲ್ಲೋ, ಸ್ತ್ರೀಶಕ್ತಿ ಸಂಘದ ಗ್ರೂಪಿನಲ್ಲೋ, ಕಾಲೇಜು ಗೆಳೆಯರ ಗ್ರೂಪಿನಲ್ಲೋ ಬಂದಾಗ ಎರಡು ಬಗೆಯ ಉತ್ತರ ಬರುತ್ತದೆ. "ಇದೆಲ್ಲ ಮೋಸ, ಮುಟ್ಟಬೇಡಿ" ಅನ್ನುವವರು ಒಂದಷ್ಟು ಜನ. "ನಾವೇನು ದುಡ್ಡು ಹಾಕುತ್ತಿಲ್ಲವಲ್ಲ, ಬಂದರೆ ಬರಲಿ" ಅನ್ನುವವರು ಇನ್ನಷ್ಟು ಜನ. ಎರಡೂ ಅರ್ಧ ಸತ್ಯ. ಕಲಿಯುವವರಿಗೆ ಸಣ್ಣ ಮೊತ್ತ ಕೊಡುವ ಅಸಲಿ ಯೋಜನೆಗಳು ಜಗತ್ತಿನಲ್ಲಿ ನಡೆದಿವೆ, ಅವುಗಳ ಮೇಲೆ ವಿಜ್ಞಾನಿಗಳು ಅಧ್ಯಯನವನ್ನೂ ಮಾಡಿದ್ದಾರೆ. ಅದೇ ವೇಷ ಹಾಕಿಕೊಂಡು ಬರುವ ಮೋಸದ ಜಾಲಗಳೂ ಇವೆ. ಎರಡನ್ನೂ ಬೇರ್ಪಡಿಸುವುದು ಹೇಗೆ ಎಂಬುದೇ ಈ ಲೇಖನ.

ಒಂದೇ ನೋಟದಲ್ಲಿ

• ಕ್ರಿಪ್ಟೊ ಕಲಿಯಲು ಹಣ ಕೊಡುವ ಅಸಲಿ ಕಾರ್ಯಕ್ರಮಗಳು ಇವೆ. ಅವು ದಾನವಲ್ಲ, ಜಾಹೀರಾತಿನ ಖರ್ಚು.
• ಸಣ್ಣ ಬಹುಮಾನ ಜನರನ್ನು ಬಾಗಿಲವರೆಗೆ ತರುತ್ತದೆ. ಒಳಗೆ ಉಳಿಸುವುದಿಲ್ಲ, ತಾನಾಗಿಯೇ ಜ್ಞಾನವನ್ನೂ ಕೊಡುವುದಿಲ್ಲ.
• ಮೊದಲು ಕೊಟ್ಟು ಆಮೇಲೆ ಕೇಳುವುದು ಆನ್‌ಲೈನ್ ಮೋಸದ ಮಾಮೂಲಿ ದಾರಿ. "ನನಗೆ ಹಣ ಬಂದಿದೆ" ಎಂಬುದು ಅಸಲಿ ಎನ್ನಲು ಪುರಾವೆ ಅಲ್ಲ.
• ಭಾರತದಲ್ಲಿ ಕ್ರಿಪ್ಟೊ ನಿಷೇಧವಾಗಿಲ್ಲ. ಆದರೆ ಅದು ಅಧಿಕೃತ ಹಣವೂ ಅಲ್ಲ.
• ಹಣ ಕಳೆದುಕೊಂಡರೆ ತಕ್ಷಣ 1930ಕ್ಕೆ ಕರೆ ಮಾಡಿ.

ಮೊದಲು, ಕ್ರಿಪ್ಟೊ ಅಂದರೆ ಏನು?

ನಾಲ್ಕು ಮಾತಿನಲ್ಲಿ ಹೇಳಬಹುದು. ನೋಟನ್ನು ರಿಸರ್ವ್ ಬ್ಯಾಂಕ್ ಅಚ್ಚು ಹಾಕುತ್ತದೆ, ಖಾತೆಯ ಲೆಕ್ಕವನ್ನು ಬ್ಯಾಂಕ್ ಇಡುತ್ತದೆ. ಬಿಟ್‌ಕಾಯಿನ್‌ನಲ್ಲಿ ಈ ಇಬ್ಬರೂ ಇಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಲೆಕ್ಕದ ಪುಸ್ತಕದ ಒಂದೊಂದು ಪ್ರತಿ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರುತ್ತದೆ. ಈ ಪುಸ್ತಕಕ್ಕೆ ಬ್ಲಾಕ್‌ಚೈನ್ ಎಂದು ಹೆಸರು. 2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಹುಟ್ಟದಂತೆ ನಿಯಮವಿದೆ. ಒಂದು ಬಿಟ್‌ಕಾಯಿನ್ನನ್ನು 10 ಕೋಟಿ ತುಂಡು ಮಾಡಬಹುದು. ಆ ಚಿಕ್ಕ ತುಂಡಿಗೆ ಸತೋಶಿ ಎನ್ನುತ್ತಾರೆ. ಹಾಗಾಗಿಯೇ 50 ರೂಪಾಯಿ ಬೆಲೆಯಷ್ಟನ್ನೂ ಬಹುಮಾನವಾಗಿ ಕೊಡಲು ಸಾಧ್ಯ.

ಬೆಲೆ ಮಾತ್ರ ನಿಂತ ಕಡೆ ನಿಲ್ಲುವುದಿಲ್ಲ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 69 ಸಾವಿರ ಡಾಲರ್ ಇತ್ತು. ಒಂದೇ ವರ್ಷದಲ್ಲಿ 16 ಸಾವಿರ ಡಾಲರ್‌ಗೆ ಇಳಿಯಿತು. 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಟೊಮೆಟೊ ಬೆಲೆ ಏರಿದ್ದನ್ನೂ, ಕೊಳ್ಳುವವರಿಲ್ಲದೆ ರಸ್ತೆಗೆ ಸುರಿದದ್ದನ್ನೂ ಕಂಡಿರುವ ತೆರಕಣಾಂಬಿ ಮಾರುಕಟ್ಟೆಯ ರೈತರಿಗೆ ಈ ಏರಿಳಿತವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ವ್ಯತ್ಯಾಸವಿದೆ. ಬೆಲೆ ಬಿದ್ದ ಟೊಮೆಟೊವನ್ನು ಸಾರಿಗಾದರೂ ಹಾಕಬಹುದು.

ಹಣ ಕೊಟ್ಟು ಕಲಿಸುವುದು ಹೊಸದೇನಲ್ಲ

ಜನರಿಗೆ ಹೊಸದೊಂದು ವ್ಯವಹಾರ ರೂಢಿ ಮಾಡಿಸಲು ಸಣ್ಣ ಮೊತ್ತ ಕೊಡುವುದನ್ನು ನಮ್ಮ ಸರ್ಕಾರವೇ ಮಾಡಿದೆ. ನೋಟು ರದ್ದತಿಯ ನಂತರ 2016ರ ಡಿಸೆಂಬರ್ 25ರಿಂದ 'ಲಕ್ಕಿ ಗ್ರಾಹಕ್ ಯೋಜನೆ' ನಡೆಯಿತು. ಡಿಜಿಟಲ್ ಪಾವತಿ ಮಾಡಿದವರಲ್ಲಿ ದಿನಕ್ಕೆ 15,000 ಜನರನ್ನು ಆರಿಸಿ ತಲಾ 1,000 ರೂಪಾಯಿ ಕೊಡುವ ಯೋಜನೆ ಅದು. 2017ರ ಸೆಪ್ಟೆಂಬರ್‌ನಲ್ಲಿ ಗೂಗಲ್ ತನ್ನ 'ತೇಜ್' ಆ್ಯಪ್ ತಂದಾಗ, ಅಂದರೆ ಇಂದಿನ ಗೂಗಲ್ ಪೇ, ಗೆಳೆಯರನ್ನು ಸೇರಿಸಿದರೆ ಇಬ್ಬರಿಗೂ 51 ರೂಪಾಯಿ ಕೊಡುತ್ತಿತ್ತು. ಸ್ಕ್ರ್ಯಾಚ್ ಕಾರ್ಡ್ ಉಜ್ಜಿ ಏಳು ರೂಪಾಯಿ, ಹನ್ನೊಂದು ರೂಪಾಯಿ ಪಡೆದ ನೆನಪು ಹಲವರಿಗೆ ಇರಬಹುದು. 2024ರಲ್ಲಿ ರಿಸರ್ವ್ ಬ್ಯಾಂಕ್ ತನ್ನ 90ನೇ ವರ್ಷದ ನೆನಪಿಗೆ ಪದವಿ ವಿದ್ಯಾರ್ಥಿಗಳಿಗೆ ರಸಪ್ರಶ್ನೆ ಸ್ಪರ್ಧೆ ಇಟ್ಟು, ರಾಷ್ಟ್ರಮಟ್ಟದಲ್ಲಿ ಗೆದ್ದವರಿಗೆ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿತ್ತು.

ಹಾಗಾಗಿ "ಕಲಿಯಲು ಯಾರಾದರೂ ದುಡ್ಡು ಕೊಡುತ್ತಾರಾ?" ಎಂಬ ಪ್ರಶ್ನೆಗೆ ಉತ್ತರ: ಕೊಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ. ಕೊಡುವವರಿಗೆ ಅದರಿಂದ ಏನು ಸಿಗುತ್ತದೆ?

ಗುಂಡ್ಲುಪೇಟೆ ಸುತ್ತಮುತ್ತ ಚೆಂಡು ಹೂ ಬೆಳೆಯುವವರಿಗೆ ಈ ಲೆಕ್ಕ ಗೊತ್ತು. ಬಣ್ಣ ತೆಗೆಯುವ ಕಂಪನಿಗಳು ಬೀಜ ಕೊಟ್ಟು ಹೂ ಕೊಳ್ಳುತ್ತವೆ. ಬೀಜ ಕೊಟ್ಟದ್ದು ಪ್ರೀತಿಯಿಂದಲ್ಲ, ಹೂವಿಗಾಗಿ. ಅದರಲ್ಲಿ ತಪ್ಪೇನೂ ಇಲ್ಲ. ಕಂಪನಿಗೆ ಏನು ಬೇಕು, ನಮಗೆ ಏನು ಸಿಗುತ್ತದೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿದೆ. ಕ್ರಿಪ್ಟೊ ಬಹುಮಾನದಲ್ಲಿ ಬೀಜ ಕಣ್ಣಿಗೆ ಕಾಣುತ್ತದೆ, ಹೂ ಯಾವುದೆಂದು ಮಾತ್ರ ಯಾರೂ ಹೇಳುವುದಿಲ್ಲ.

ಅಸಲಿ ಉದಾಹರಣೆ 1: ಅಮೆರಿಕದ ಎಂಐಟಿ, 2014

ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಎಂಐಟಿ, ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ. 2014ರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ದೇಣಿಗೆ ಎತ್ತಿ, ಪದವಿ ಓದುತ್ತಿದ್ದ ಎಲ್ಲ 4,494 ಜನರಿಗೂ ತಲಾ 100 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಲು ಮುಂದಾದರು. ಷರತ್ತು ಸರಳ: ಕೆಲವು ಪ್ರಶ್ನಾವಳಿ ತುಂಬಬೇಕು, ಬಿಟ್‌ಕಾಯಿನ್ ಬಗ್ಗೆ ಕೊಟ್ಟ ವಿವರ ಓದಬೇಕು. ಮುಂದೆ ಬಂದವರು 3,108 ಜನ. ತಂತ್ರಜ್ಞಾನವನ್ನೇ ಓದುವ ಜಾಗದಲ್ಲಿ, ಪುಕ್ಕಟೆ 100 ಡಾಲರ್‌ಗೂ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಬರಲಿಲ್ಲ.

ಕ್ರಿಶ್ಚಿಯನ್ ಕ್ಯಾಟಲಿನಿ ಮತ್ತು ಕ್ಯಾಥರೀನ್ ಟಕ್ಕರ್ ಎಂಬ ಸಂಶೋಧಕರು ಇದನ್ನು ಪ್ರಯೋಗವಾಗಿ ರೂಪಿಸಿದರು. ಮೊದಲೇ ಉತ್ಸಾಹದಿಂದ ಹೆಸರು ಕೊಟ್ಟವರಲ್ಲಿ ಕೆಲವರಿಗೆ, ಲಾಟರಿ ಎತ್ತಿದಂತೆ ಆರಿಸಿ, ಬಿಟ್‌ಕಾಯಿನ್ ಎರಡು ವಾರ ತಡವಾಗಿ ಕೊಟ್ಟರು. ಹೀಗೆ ತಡವಾಗಿ ಸಿಕ್ಕ ಉತ್ಸಾಹಿಗಳು ಅದನ್ನು ಇಟ್ಟುಕೊಳ್ಳದೆ ಮಾರಿಬಿಡುವ ಸಾಧ್ಯತೆ ಹೆಚ್ಚಾಗಿತ್ತು. ಅವರನ್ನು ನೋಡಿ ಅದೇ ಹಾಸ್ಟೆಲಿನ ಉಳಿದವರೂ ಬಿಟ್ಟರು. 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹೊಸ ವಿಷಯವೊಂದು ಹಬ್ಬುವುದು ಹಣದಿಂದಷ್ಟೇ ಅಲ್ಲ, ಪಕ್ಕದವರು ಏನು ಮಾಡುತ್ತಿದ್ದಾರೆ ಎಂಬುದರಿಂದ. ನಿಮ್ಮ ಗ್ರೂಪಿನಲ್ಲಿ "ನನಗೆ ಬಂದಿದೆ" ಎಂಬ ಒಂದು ಮಾತಿಗೆ ಅಷ್ಟು ಬಲ ಇರುವುದೂ ಇದೇ ಕಾರಣಕ್ಕೆ.

ಒಂದು ಪಿಜ್ಜಾ, ಐದು ಗೆಳೆಯರ ವಿಳಾಸ

ಇದೇ ಎಂಐಟಿ ಪ್ರಯೋಗದ ಇನ್ನೊಂದು ಭಾಗ ನಮಗೆ ಹೆಚ್ಚು ಮುಖ್ಯ. ಸೂಸನ್ ಏತಿ ಅವರೂ ಸೇರಿದ್ದ ತಂಡ ವಿದ್ಯಾರ್ಥಿಗಳಿಗೆ ತಮ್ಮ ಗೆಳೆಯರ ಇಮೇಲ್ ವಿಳಾಸ ಕೊಡುವಂತೆ ಕೇಳಿತು. ಕೆಲವರನ್ನು ಸುಮ್ಮನೆ ಕೇಳಿದರು. ಇನ್ನು ಕೆಲವರಿಗೆ ಗೆಳೆಯರ ಜೊತೆ ತಿನ್ನಲು ಒಂದು ಪಿಜ್ಜಾ ಕೊಡುತ್ತೇವೆ ಎಂದರು. ಪಿಜ್ಜಾ ಅಂದ ಕೂಡಲೇ ಸರಿಯಾದ ವಿಳಾಸ ಕೊಡುವವರು ಹೆಚ್ಚಾದರು. "ನನ್ನ ಖಾಸಗಿ ಮಾಹಿತಿ ನನಗೆ ಬಹಳ ಮುಖ್ಯ" ಎಂದು ಮೊದಲೇ ಹೇಳಿದ್ದವರೂ ಅದಕ್ಕೆ ಹೊರತಾಗಿರಲಿಲ್ಲ.

ಆ ಅಧ್ಯಯನದಲ್ಲಿ ಇನ್ನೆರಡು ಸಂಗತಿ ಕಂಡವು. ಒಂದು, ನಾಲ್ಕು ಬಗೆಯ ವಾಲೆಟ್ ತೋರಿಸಿದಾಗ, ಪಟ್ಟಿಯಲ್ಲಿ ಯಾವುದು ಮೇಲಿದೆ ಎಂಬುದು ಆಯ್ಕೆಯ ಮೇಲೆ ಪ್ರಭಾವ ಬೀರಿತು. ಎರಡು, "ನಿಮ್ಮ ಮಾಹಿತಿ ಎನ್‌ಕ್ರಿಪ್ಟ್ ಆಗಿ ಸುರಕ್ಷಿತವಾಗಿರುತ್ತದೆ" ಎಂಬಂಥ ಸಮಾಧಾನದ ಮಾತು ಕೇಳಿದವರು, ಅದಕ್ಕೂ ತಮ್ಮ ಆಯ್ಕೆಗೂ ಸಂಬಂಧ ಇಲ್ಲದಿದ್ದರೂ, ಎಚ್ಚರ ಸಡಿಲಿಸಿದರು.

ಎಂಐಟಿಯಂಥ ಕಡೆ ಓದುವವರೇ ಹೀಗೆ ಮಾಡಿದರೆ, 50 ರೂಪಾಯಿಗೆ ಆಧಾರ್, ಪ್ಯಾನ್, ಸೆಲ್ಫಿ ವಿಡಿಯೊ, ಫೋನಿನ ಕಾಂಟ್ಯಾಕ್ಟ್ ಪಟ್ಟಿ ಎಲ್ಲವನ್ನೂ ಕೊಟ್ಟವರನ್ನು ದಡ್ಡರು ಎನ್ನುವ ಹಾಗಿಲ್ಲ. ಮನುಷ್ಯರ ಮನಸ್ಸು ಕೆಲಸ ಮಾಡುವುದೇ ಹಾಗೆ. 2023ರಲ್ಲಿ ವರ್ಲ್ಡ್‌ಕಾಯಿನ್ ಎಂಬ ಯೋಜನೆ ಗುಂಡಗಿನ ಯಂತ್ರದ ಮುಂದೆ ನಿಲ್ಲಿಸಿ ಕಣ್ಣಿನ ಪಾಪೆಯ ಗುರುತು ತೆಗೆದುಕೊಂಡು ಹಲವು ದೇಶಗಳಲ್ಲಿ ಟೋಕನ್ ಕೊಡುತ್ತಿತ್ತು. ಆ ಯಂತ್ರಗಳು ಬೆಂಗಳೂರಿಗೂ ಬಂದಿದ್ದವು. ಕೀನ್ಯಾದಲ್ಲಿ ಸಾವಿರಾರು ಜನ ಸರತಿ ನಿಂತ ಮೇಲೆ 2023ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಅದನ್ನು ತಡೆಯಿತು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಕಣ್ಣು ಬದಲಿಸಲಾಗದು.

ಅಸಲಿ ಉದಾಹರಣೆ 2: ಎಕ್ಸ್‌ಚೇಂಜ್‌ಗಳ 'ಕಲಿಯಿರಿ, ಗಳಿಸಿರಿ'

ಅಮೆರಿಕದ ಕಾಯಿನ್‌ಬೇಸ್ ಎಂಬ ಎಕ್ಸ್‌ಚೇಂಜ್ 2018ರ ಡಿಸೆಂಬರ್‌ನಲ್ಲಿ ಇಂಥ ಕಾರ್ಯಕ್ರಮ ಶುರುಮಾಡಿತು. ಒಂದು ಕಾಯಿನ್ ಬಗ್ಗೆ ಚಿಕ್ಕ ವಿಡಿಯೊ ನೋಡಿ, ಪ್ರಶ್ನೆಗೆ ಉತ್ತರಿಸಿದರೆ ಅದೇ ಕಾಯಿನ್ ಕೆಲವು ಡಾಲರ್‌ನಷ್ಟು ಸಿಗುತ್ತಿತ್ತು. ಕಾಯಿನ್ ಮಾಡಿದವರಿಗೆ ಹೊಸ ಬಳಕೆದಾರರು ಸಿಗುತ್ತಾರೆ, ಎಕ್ಸ್‌ಚೇಂಜ್‌ಗೆ ಹೊಸ ಗ್ರಾಹಕರು ಸಿಗುತ್ತಾರೆ. 2021ರ ಸುಮಾರಿಗೆ ಭಾರತದ ಎಕ್ಸ್‌ಚೇಂಜ್‌ಗಳೂ ಖಾತೆ ತೆರೆದವರಿಗೆ 50 ರೂಪಾಯಿ, 100 ರೂಪಾಯಿ ಬೆಲೆಯ ಬಿಟ್‌ಕಾಯಿನ್ ಕೊಡುತ್ತಿದ್ದವು.

ಇದು ಮೋಸವಲ್ಲ. ಆದರೆ ಪಾಠ ಹೇಳುವವರೇ ಸರಕು ಮಾರುವವರು. ತನ್ನ ಕಾಯಿನ್ ಕೊಳ್ಳಬೇಡಿ ಎಂದು ಯಾವ ಪಾಠವೂ ಹೇಳುವುದಿಲ್ಲ. ರಸಗೊಬ್ಬರ ಕಂಪನಿ ನಡೆಸುವ ರೈತ ತರಬೇತಿಯಲ್ಲಿ ಗೊಬ್ಬರ ಕಡಿಮೆ ಹಾಕಿ ಎಂಬ ಮಾತು ಎಷ್ಟು ಬಾರಿ ಕೇಳಿದ್ದೀರಿ?

ಅಸಲಿ ಉದಾಹರಣೆ 3: ಒಂದು ದೇಶಕ್ಕೇ 30 ಡಾಲರ್

ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ 2021ರ ಸೆಪ್ಟೆಂಬರ್ 7ರಂದು ಬಿಟ್‌ಕಾಯಿನ್ನನ್ನು ಅಧಿಕೃತ ಹಣವೆಂದು ಜಾರಿಗೆ ತಂದಿತು. 'ಚಿವೊ' ಎಂಬ ಸರ್ಕಾರಿ ಆ್ಯಪ್ ಹಾಕಿಕೊಂಡ ಪ್ರತಿ ಪ್ರಜೆಗೂ 30 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಟ್ಟಿತು. ಅರ್ಥಶಾಸ್ತ್ರಜ್ಞರು 1,800 ಮನೆಗಳಿಗೆ ಹೋಗಿ ಮುಖಾಮುಖಿ ಕೇಳಿದಾಗ ಗೊತ್ತಾದದ್ದು ಇಷ್ಟು: ಅರ್ಧಕ್ಕಿಂತ ಹೆಚ್ಚು ಜನ ಆ್ಯಪ್ ಹಾಕಿಕೊಂಡಿದ್ದರು, ಅದಕ್ಕೆ ದೊಡ್ಡ ಕಾರಣ ಆ 30 ಡಾಲರ್. ಆದರೆ ಹಾಕಿಕೊಂಡವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಬಹುಮಾನದ ಹಣ ಖರ್ಚಾದ ಮೇಲೆ ಆ್ಯಪ್‌ನಲ್ಲಿ ಯಾವ ವ್ಯವಹಾರವನ್ನೂ ಮಾಡಲಿಲ್ಲ. ಮುಂದಿನ ವರ್ಷ ಹೊಸದಾಗಿ ಹಾಕಿಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. 2025ರ ಜನವರಿಯಲ್ಲಿ ಆ ದೇಶ ಕಾನೂನು ತಿದ್ದಿ, ಬಿಟ್‌ಕಾಯಿನ್ ಸ್ವೀಕರಿಸುವುದನ್ನು ವ್ಯಾಪಾರಿಗಳ ಇಚ್ಛೆಗೆ ಬಿಟ್ಟಿತು.

ಯುಪಿಐ ಕಥೆ ಹೀಗಾಗಲಿಲ್ಲ. ಕ್ಯಾಷ್‌ಬ್ಯಾಕ್ ನಿಂತ ಮೇಲೂ ಎಳನೀರು ಮಾರುವವರು ಕ್ಯೂಆರ್ ಕೋಡ್ ತೆಗೆಯಲಿಲ್ಲ. ಅದರಿಂದ ಅವರಿಗೆ ದಿನಾ ಉಪಯೋಗವಿತ್ತು, ಚಿಲ್ಲರೆಯ ತಾಪತ್ರಯ ತಪ್ಪಿತು. ಬಹುಮಾನ ಮೊದಲ ಹೆಜ್ಜೆ ಇಡಿಸುತ್ತದೆ, ಎರಡನೇ ಹೆಜ್ಜೆ ಇಡಿಸುವುದು ಉಪಯೋಗ.

ಹಾಗಾದರೆ ಹಣ ಕೊಟ್ಟರೆ ಜನ ಕಲಿಯುವುದಿಲ್ಲವೇ?

ಹಣ ಯಾವುದಕ್ಕೆ ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ. ವಿಡಿಯೊ ಓಡಿಸಿದ್ದಕ್ಕೆ ಕೊಟ್ಟರೆ ಜನ ವಿಡಿಯೊ ಓಡಿಸುತ್ತಾರೆ, ಫೋನು ಪಕ್ಕಕ್ಕಿಟ್ಟು ಅಡುಗೆ ಮಾಡುತ್ತಾರೆ. ಉತ್ತರಕ್ಕೆ ಕೊಟ್ಟರೆ ಉತ್ತರವನ್ನು ಗ್ರೂಪಿನಲ್ಲಿ ಹಂಚಿಕೊಳ್ಳುತ್ತಾರೆ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಿಗೆ "ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿ ಕೊಟ್ಟು ನೋಡಿದರು. ಬಹುಮಾನ ನಿಂತ ಮೇಲೆ ಆ ಮಕ್ಕಳು ಚಿತ್ರ ಬಿಡಿಸುವುದನ್ನೇ ಕಡಿಮೆ ಮಾಡಿದರು. ಇಷ್ಟಕ್ಕಾಗಿ ಮಾಡುತ್ತಿದ್ದದ್ದು ಕೂಲಿ ಕೆಲಸವಾಗಿತ್ತು.

ಇಂಡೋನೇಷ್ಯಾದಲ್ಲಿ ಬ್ಯಾಂಕ್ ಖಾತೆ ಇಲ್ಲದವರ ನಡುವೆ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕೆಲವರಿಗೆ ಬ್ಯಾಂಕಿಂಗ್ ಪಾಠ ಹೇಳಿದರು. ಕೆಲವರಿಗೆ ಖಾತೆ ತೆರೆದರೆ 3ರಿಂದ 14 ಡಾಲರ್‌ವರೆಗೆ ಕೊಡುತ್ತೇವೆ ಎಂದರು. ಒಟ್ಟಾರೆ ಖಾತೆ ತೆರೆಸಿದ್ದು ಹಣ, ಪಾಠವಲ್ಲ. ಹಣ ಜನರಿಂದ ಕೆಲಸ ಮಾಡಿಸುತ್ತದೆ ಎಂಬುದು ಇದರಿಂದ ಖಚಿತ. ಆದರೆ ಉಳಿತಾಯ ಖಾತೆ ತೆರೆದವರು ಹಣ ಕಳೆದುಕೊಳ್ಳುವ ಅಪಾಯ ಕಡಿಮೆ. ಅದೇ ಬಹುಮಾನ ಜನರನ್ನು ಬೆಲೆ ಕುಣಿಯುವ, ವಂಚಕರು ತುಂಬಿರುವ ಜಾಗಕ್ಕೆ ಕರೆತಂದರೆ, ಜ್ಞಾನವಿಲ್ಲದೆ ಒಳಗೆ ಬಂದವರ ಗತಿ ಏನು ಎಂಬುದೇ ಚಿಂತೆಯ ವಿಷಯ.

ನಕಲಿ ದಾರಿ ಹೇಗಿರುತ್ತದೆ?

ಮೋಸದ ಜಾಲ ಈ ಮನೋವಿಜ್ಞಾನವನ್ನೆಲ್ಲ ಅನುಭವದಿಂದಲೇ ಕಲಿತಿದೆ. ಹೆಜ್ಜೆಗಳು ಸಾಮಾನ್ಯವಾಗಿ ಹೀಗೆ:

1. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ. ವಿಡಿಯೊ ನೋಡಿ, ಲೈಕ್ ಮಾಡಿ, ಕ್ರಿಪ್ಟೊ ಕಲಿಯಿರಿ.
2. ಮೊದಲ ದಿನ ನಿಜವಾಗಿಯೂ 50, 150, 200 ರೂಪಾಯಿ ಖಾತೆಗೆ ಬರುತ್ತದೆ.
3. ಟೆಲಿಗ್ರಾಂ ಗ್ರೂಪಿಗೆ ಸೇರಿಸುತ್ತಾರೆ. ಅಲ್ಲಿ ನೂರಾರು 'ಸದಸ್ಯರು' ದಿನಾ ಗಳಿಕೆಯ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಬಹಳಷ್ಟು ಹೆಸರುಗಳ ಹಿಂದೆ ಇರುವುದು ಒಂದೇ ತಂಡ.
4. "ಈಗ ಪ್ರಾಕ್ಟಿಕಲ್ ಪಾಠ. 1,000 ಹಾಕಿ, 1,300 ಪಡೆಯಿರಿ." ಹಾಕುತ್ತೀರಿ, 1,300 ಬರುತ್ತದೆ.
5. ಮುಂದಿನದು 5,000, ಆಮೇಲೆ 20,000, ಆಮೇಲೆ 50,000. ಆ್ಯಪ್‌ನಲ್ಲಿ ನಿಮ್ಮ ಹಣ ದುಪ್ಪಟ್ಟಾಗಿ ಕಾಣುತ್ತದೆ. ಅದು ಬರೀ ಪರದೆಯ ಮೇಲಿನ ಅಂಕಿ.
6. ತೆಗೆಯಲು ಹೋದರೆ "ತೆರಿಗೆ ಕಟ್ಟಿ", "ಖಾತೆ ಫ್ರೀಜ್ ಆಗಿದೆ, ಬಿಡಿಸಲು 30,000 ಹಾಕಿ". ಹಾಕಿದಷ್ಟೂ ಹೊಸ ಕಾರಣ ಬರುತ್ತದೆ.

ಗಮನಿಸಿ: ನಾಲ್ಕನೇ ಹೆಜ್ಜೆಯವರೆಗೆ ನಿಮಗೆ ಲಾಭವೇ ಆಗಿದೆ. ನಿಮ್ಮ ಅಕ್ಕನೋ ಭಾವನೋ "ನನಗೆ ಬಂದಿದೆ" ಎಂದು ಫಾರ್ವರ್ಡ್ ಮಾಡುವುದು ಇದೇ ಹಂತದಲ್ಲಿ. ಅವರು ಸುಳ್ಳು ಹೇಳುತ್ತಿಲ್ಲ. ಮೀನಿಗೆ ಹುಳ ಸಿಕ್ಕಿದ್ದೂ ನಿಜವೇ.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಇಂಥ ಟಾಸ್ಕ್ ಮತ್ತು ಹೂಡಿಕೆ ವಂಚನೆಯ 100ಕ್ಕೂ ಹೆಚ್ಚು ವೆಬ್‌ಸೈಟ್‌ಗಳನ್ನು ತಡೆಹಿಡಿಯಲಾಗಿದೆ ಎಂದು ತಿಳಿಸಿತು. ಎಚ್‌ಪಿಝಡ್ ಟೋಕನ್ ಎಂಬ ಆ್ಯಪ್ ಪ್ರಕರಣದಲ್ಲಿ, ಜಾರಿ ನಿರ್ದೇಶನಾಲಯದ ಪ್ರಕಾರ, 57,000 ರೂಪಾಯಿ ಹಾಕಿದರೆ ಮೂರು ತಿಂಗಳು ದಿನಕ್ಕೆ 4,000 ಕೊಡುವ ಆಸೆ ತೋರಿಸಲಾಗಿತ್ತು. ಒಮ್ಮೆ ಕೊಟ್ಟು, ಆಮೇಲೆ ಹೊಸ ಹಣ ಕೇಳಲಾಯಿತು. ನೀವೇ ಲೆಕ್ಕ ಹಾಕಿ: 90 ದಿನಕ್ಕೆ 3 ಲಕ್ಷ 60 ಸಾವಿರ. ಪಕ್ಕದ ಕೇರಳದಲ್ಲಿ 'ಮೋರಿಸ್ ಕಾಯಿನ್' ಹೆಸರಿನಲ್ಲಿ ಸುಮಾರು 1,200 ಕೋಟಿ ಸಂಗ್ರಹವಾಯಿತು ಎಂಬುದು ಅದೇ ಸಂಸ್ಥೆಯ ಆರೋಪ. ಕೇರಳದಿಂದ ಬರುವ ಲಾರಿಗೆ ಮದ್ದೂರಿನಲ್ಲಿ ಚೆಕ್‌ಪೋಸ್ಟ್ ಇದೆ, ಬಂಡೀಪುರದ ರಸ್ತೆಗೆ ರಾತ್ರಿ ಗೇಟು ಬೀಳುತ್ತದೆ. ಫಾರ್ವರ್ಡ್‌ಗೆ ಎರಡೂ ಇಲ್ಲ.

ಹಣ ಹಾಕದಿದ್ದರೂ ಸಿಕ್ಕಿಬೀಳಬಹುದು

"ನಾನು ಒಂದು ಪೈಸೆಯೂ ಹಾಕುವುದಿಲ್ಲ, ಬಂದದ್ದಷ್ಟೇ ತೆಗೆದುಕೊಳ್ಳುತ್ತೇನೆ" ಎಂದರೂ ಅಪಾಯ ತಪ್ಪಿದ್ದಲ್ಲ. ಮೋಸದ ಜಾಲದವರು ಕೊಡುವ 200 ರೂಪಾಯಿ ಎಲ್ಲಿಂದ ಬಂತು? ಇನ್ನೊಬ್ಬರಿಂದ ಕಿತ್ತ ಹಣವೇ ಇರಬಹುದು. ಅವರು ದೂರು ಕೊಟ್ಟಾಗ ಪೊಲೀಸರು ಹಣ ಹರಿದ ದಾರಿ ಹಿಡಿದು ಬರುತ್ತಾರೆ. ನಡುವೆ ಸಿಕ್ಕ ಖಾತೆಗಳಲ್ಲಿನ ಹಣವನ್ನು ಬ್ಯಾಂಕ್ ತಡೆಹಿಡಿಯಬಹುದು. ಅದೇ ಖಾತೆಗೆ ಅರಿಶಿನ ಮಾರಿದ ದುಡ್ಡು, ನರೇಗಾ ಕೂಲಿ, ಗೃಹಲಕ್ಷ್ಮಿ ಹಣ ಬರುತ್ತಿದ್ದರೆ? ಯಾವುದೋ ರಾಜ್ಯದ ಠಾಣೆಗೆ ಪತ್ರ ಬರೆದು ಖಾತೆ ಬಿಡಿಸಿಕೊಳ್ಳಬೇಕಾಗುತ್ತದೆ.

"ನಿಮ್ಮ ಖಾತೆಗೆ 20,000 ಹಾಕುತ್ತೇವೆ, 500 ಇಟ್ಟುಕೊಂಡು ಉಳಿದದ್ದಕ್ಕೆ ಯುಎಸ್‌ಡಿಟಿ ಕೊಂಡು ಕಳುಹಿಸಿ, ಇದೂ ಪಾಠದ ಭಾಗ" ಎಂದರೆ ಅಲ್ಲಿಗೇ ನಿಲ್ಲಿಸಿ. ಇದಕ್ಕೆ ಮ್ಯೂಲ್ ಖಾತೆ ಎನ್ನುತ್ತಾರೆ. ಕದ್ದ ಮಾಲು ಹೊರುವ ಹೇಸರಗತ್ತೆಯ ಕೆಲಸ. ಇದರಲ್ಲಿ ನೀವು ಮೋಸ ಹೋದವರಲ್ಲ, ಆರೋಪಿ ಆಗುತ್ತೀರಿ.

ಅಸಲಿಯೋ ನಕಲಿಯೋ: ಆರು ಪ್ರಶ್ನೆ

• ಮುಂದಿನ ಹಂತಕ್ಕೆ ನಾನು ಹಣ ಹಾಕಬೇಕೇ? ಹೌದಾದರೆ ಅದು ಪಾಠವಲ್ಲ.
• ಜನರನ್ನು ಸೇರಿಸಿದಷ್ಟೂ ಹೆಚ್ಚು ಹಣವೇ? ಗಳಿಕೆಯೆಲ್ಲ ಸೇರಿಸುವುದರಿಂದಲೇ ಬರುವುದಾದರೆ ಅದು ಸರಪಳಿ ಯೋಜನೆ. 1978ರಿಂದಲೇ ಇದರ ಮೇಲೆ ನಿಷೇಧದ ಕಾನೂನಿದೆ.
• ಲಾಭದ ಗ್ಯಾರಂಟಿ ಕೊಡುತ್ತಾರೆಯೇ? ಕ್ರಿಪ್ಟೊದಲ್ಲಿ ಗ್ಯಾರಂಟಿ ಎಂಬುದೇ ಇಲ್ಲ.
• ಆ್ಯಪ್ ಪ್ಲೇ ಸ್ಟೋರ್‌ನಲ್ಲಿದೆಯೇ, ಅಥವಾ ಎಪಿಕೆ ಫೈಲ್ ಕಳುಹಿಸಿದರೇ? ಎಪಿಕೆ ತೆರೆಯಲೇಬೇಡಿ. ಪ್ಲೇ ಸ್ಟೋರ್‌ನಲ್ಲಿದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ.
• ಒಟಿಪಿ, ಯುಪಿಐ ಪಿನ್, ವಾಲೆಟ್‌ನ 12 ಅಥವಾ 24 ಪದಗಳ ಗುಟ್ಟಿನ ಸಾಲು ಕೇಳುತ್ತಾರೆಯೇ? ಹಣ ಪಡೆಯಲು ಇವು ಯಾವುದೂ ಬೇಕಾಗುವುದಿಲ್ಲ.
• ಬಹುಮಾನವನ್ನು ಇವತ್ತೇ ಪೂರ್ತಿ ಬ್ಯಾಂಕಿಗೆ ತೆಗೆದುಕೊಳ್ಳಬಹುದೇ? ಅಸಲಿ ಕಂಪನಿಗಳಲ್ಲೂ ಕನಿಷ್ಠ ಮೊತ್ತದ ಮಿತಿ ಇರುತ್ತದೆ. 50 ರೂಪಾಯಿ ತೆಗೆಯಲು 500 ಹಾಕಬೇಕಾದೀತು.

ಕಾನೂನು ಏನು ಹೇಳುತ್ತದೆ?

ರಿಸರ್ವ್ ಬ್ಯಾಂಕ್ 2013ರಿಂದಲೇ ಕ್ರಿಪ್ಟೊ ಬಗ್ಗೆ ಎಚ್ಚರಿಸುತ್ತಾ ಬಂದಿದೆ. 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಕ್ರಿಪ್ಟೊ ಕಂಪನಿಗಳಿಗೆ ಸೇವೆ ಕೊಡಬಾರದೆಂದು ಹೇಳಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇದೆ, ಅದರ ಮೇಲೆ ಶೇ 4 ಸೆಸ್. ಅಂದರೆ 1,000 ರೂಪಾಯಿ ಲಾಭಕ್ಕೆ 312 ರೂಪಾಯಿ ತೆರಿಗೆ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. 2022ರ ಜುಲೈನಿಂದ ನಿಗದಿತ ಮಿತಿ ಮೀರಿದ ಮಾರಾಟಕ್ಕೆ ಶೇ 1 ಟಿಡಿಎಸ್ ಕೂಡ ಇದೆ.

2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾನೂನಿನಡಿ ಬಂದಿವೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಬೇಕು. ನೋಂದಣಿ ಇದ್ದರೆ ನಿಮ್ಮ ಹಣ ಭದ್ರ ಎಂದು ಅರ್ಥವಲ್ಲ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ವಿಮೆ ಇದೆ, ಕ್ರಿಪ್ಟೊಗೆ ಅಂಥದ್ದಿಲ್ಲ. 2024ರ ಜುಲೈನಲ್ಲಿ ವಝೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕ್ರಿಪ್ಟೊ ಕಳವಾಯಿತು. ಗ್ರಾಹಕರು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಕೆಲವು ತಪ್ಪು ತಿಳಿವಳಿಕೆ

"ರಿಸರ್ವ್ ಬ್ಯಾಂಕ್‌ನ ಇ-ರುಪಾಯಿಯೂ ಕ್ರಿಪ್ಟೊನೇ." ಅಲ್ಲ. 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಜನರ ಬಳಕೆಗೆ ಪ್ರಯೋಗವಾಗಿ ಬಂದ ಡಿಜಿಟಲ್ ರೂಪಾಯಿ ನಮ್ಮ ನೋಟಿನದೇ ಇನ್ನೊಂದು ರೂಪ. ಅದರ ಒಂದು ರೂಪಾಯಿ ಯಾವಾಗಲೂ ಒಂದು ರೂಪಾಯಿಯೇ.

"ತೆರಿಗೆ ಹಾಕಿದ್ದಾರೆ ಅಂದರೆ ಸರ್ಕಾರ ಒಪ್ಪಿದೆ." ತೆರಿಗೆ ಹಾಕುವುದು ಬೇರೆ, ಗ್ಯಾರಂಟಿ ಕೊಡುವುದು ಬೇರೆ.

"ಕ್ರಿಪ್ಟೊ ಎಂದರೆ ಪೂರ್ತಿ ಮೋಸ." ಇದೂ ಸರಿಯಲ್ಲ. ತಂತ್ರಜ್ಞಾನ ನಿಜ, ಕೊಳ್ಳುವವರೂ ಮಾರುವವರೂ ನಿಜ. ಯುನೊಕಾಯಿನ್ ಎಂಬ ಕಂಪನಿ 2013ರಲ್ಲಿ ಹುಟ್ಟಿದ್ದು ನಮ್ಮದೇ ತುಮಕೂರಿನಲ್ಲಿ. ಅದರ ಹೆಸರು ಹೇಳಿಕೊಂಡು ಬರುವವರೆಲ್ಲ ಅಸಲಿ ಅಲ್ಲ ಅಷ್ಟೇ.

ಹಣ ಹೋಗಿದ್ದರೆ ಏನು ಮಾಡಬೇಕು?

ನಾಚಿಕೆಯಿಂದ ಸುಮ್ಮನಿರಬೇಡಿ. ಮೊದಲ ಕೆಲವು ಗಂಟೆಗಳೇ ಮುಖ್ಯ. 1930ಕ್ಕೆ ಕರೆ ಮಾಡಿ, ಅಥವಾ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರು ದಾಖಲಿಸಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಇದ್ದರೆ ತಡೆಹಿಡಿಯಲು ಸಾಧ್ಯ. ಕ್ರಿಪ್ಟೊ ಆಗಿ ಹೊರದೇಶಕ್ಕೆ ಹೋದ ಮೇಲೆ ಕಷ್ಟ. ನಿಮ್ಮ ಬ್ಯಾಂಕಿಗೂ ತಿಳಿಸಿ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್, ಯುಪಿಐ ವಹಿವಾಟಿನ ಸಂಖ್ಯೆ, ಅವರ ನಂಬರ್ ಎಲ್ಲ ಇಟ್ಟುಕೊಳ್ಳಿ. ಚಾಮರಾಜನಗರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು, ದೂರವಾದರೆ ಗುಂಡ್ಲುಪೇಟೆಯವರು ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. "ಹೋದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸು ಕೊಡಿ" ಎಂದು ಬರುವವರು ಎರಡನೇ ಸುತ್ತಿನ ಕಳ್ಳರು.

ಕಲಿಯಬೇಕೆಂಬ ಆಸೆ ಇದ್ದರೆ

ಆಸೆ ತಪ್ಪಲ್ಲ. ಕ್ರಿಪ್ಟೊ ಬಗ್ಗೆ ಓದಲು ದುಡ್ಡು ಕೊಡಬೇಕಾಗಿಯೂ ಇಲ್ಲ, ಪಡೆಯಬೇಕಾಗಿಯೂ ಇಲ್ಲ. ಗ್ರಾಮೀಣ ಬ್ಯಾಂಕ್ ಶಾಖೆಗಳು ಆರ್ಥಿಕ ಸಾಕ್ಷರತಾ ಶಿಬಿರ ನಡೆಸಬೇಕೆಂಬ ನಿಯಮವಿದೆ. ನಿಮ್ಮ ಸಂಘಕ್ಕೆ ಬಂದು ಮಾತಾಡಿ ಎಂದು ಮ್ಯಾನೇಜರನ್ನು ಕೇಳಬಹುದು. ಊರಿನ ಯುವಕರು ಬಹುಮಾನ ಇಟ್ಟು ಕಲಿಸುವುದಾದರೆ, ವಿಡಿಯೊ ನೋಡಿದ್ದಕ್ಕೆ ಇಡಬೇಡಿ. ಇಬ್ಬರ ಮುಂದೆ ಒಂದು ಅಸಲಿ, ಒಂದು ನಕಲಿ ಸಂದೇಶ ಇಟ್ಟು, ಯಾವುದು ಮೋಸ, ಹೇಗೆ ಗೊತ್ತಾಯಿತು ಎಂದು ಬಾಯಿಬಿಟ್ಟು ಹೇಳಿದವರಿಗೆ ಇಡಿ. ಒಂದು ಪೆನ್ನು ಕೊಟ್ಟರೂ ಸಾಕು.

ಮುಂದಿನ ಸಲ ಗ್ರೂಪಿನಲ್ಲಿ "ನನಗೆ 50 ಬಂದಿದೆ" ಎಂದು ಬಂದರೆ ಬೈಯಬೇಡಿ, ಬೈದರೆ ಅವರು ಮುಂದಿನ ಹೆಜ್ಜೆಯನ್ನು ನಿಮಗೆ ಹೇಳುವುದಿಲ್ಲ. "ಒಳ್ಳೆಯದಾಯಿತು ಅಕ್ಕ, ಆ 50 ಅನ್ನು ಮುಟ್ಟದೆ ಹಾಗೇ ಇಡಿ. ಅವರು ಹಣ ಹಾಕಲು ಹೇಳಿದ ದಿನ ಹಾಕುವ ಮೊದಲು ನನಗೊಂದು ಫೋನ್ ಮಾಡಿ" ಎಂದು ಬರೆಯಿರಿ. ಈ ಲೇಖನವನ್ನು ಫಾರ್ವರ್ಡ್ ಮಾಡುವುದಾದರೆ ಆ ಒಂದು ಸಾಲನ್ನೂ ಜೊತೆಗೆ ಕಳುಹಿಸಿ.